ಘಟ್ಟದ ದಾರಿಯ ಹಲಗೆಗಳು

ಬಾನುಲಿಯಲ್ಲಿ ಚಿತ್ರಗಳ ವಿಷಯವನ್ನು ಮಾತನಾಡುವುದೆಂದರೆ ಕಣ್ಣು ಕಟ್ಟಿದವರ ಮುಂದೆ ತೇರನ್ನು ಎಳೆದಂತೆ ಎಂದು ಶ್ರೋತೃಗಳಿಗೆ ತೋರಬಹುದು. ಆದರೆ ಈ ದಿನ ನಾವು ಹೇಳಹೊರಟಿರುವ ಚಿತ್ರಗಳಲ್ಲಿ ನೋಡತಕ್ಕದ್ದಕ್ಕಿಂತ ಓದತಕ್ಕದ್ದೇ ಹೆಚ್ಚಾಗಿದೆ. ಅವು ಘಟ್ಟದ ದಾರಿಗಳಲ್ಲಿ ನೆಟ್ಟಿದ್ದ ಹಲಗೆಗಳ, ಮೈಲಿಗಲ್ಲುಗಳ, ಕೈಮರಗಳ ಹಳೆಯ ಬಣ್ಣದ ಸ್ಲೈಡುಗಳು. ನಮಗಿಂತ ಬಹಳ ಹಿರಿಯರಾದ ಮಿತ್ರರೊಬ್ಬರು, ನಿವೃತ್ತ ಅಧ್ಯಾಪಕರು, ತಮ್ಮ ತಂದೆಯವರ ಕಾಲದ ಒಂದು ತಗಡಿನ ಡಬ್ಬಿಯನ್ನು ನಮ್ಮ ಮುಂದಿಟ್ಟು, "ಇದನ್ನು ಎಸೆಯುವುದಕ್ಕೆ ಮೊದಲು ನೀವು ಒಂದು ಸಲ ನೋಡಿಬಿಡಿ, ಇದರಲ್ಲಿ ಮನುಷ್ಯರು ಯಾರೂ ಇಲ್ಲ" ಎಂದರು. ಅವರ ಮಾತಿನಲ್ಲಿ ಉದಾಸೀನಕ್ಕಿಂತ ಹೆಚ್ಚಿನದೊಂದು ಕಹಿಯಿತ್ತು. ಅದರ ಕಾರಣ ನಮಗೆ ಆಮೇಲೆ ತಿಳಿಯಿತು.

ಸ್ಲೈಡು ಎಂದರೇನೆಂಬುದನ್ನು ಈಗಿನ ತರುಣರಿಗೆ ವಿವರಿಸಲೇಬೇಕಾಗಿದೆ. ಸಾಮಾನ್ಯ ಛಾಯಾಚಿತ್ರದಲ್ಲಿ ಮೊದಲು ಬೆಳಕು ನೆರಳುಗಳು ತಲೆಕೆಳಗಾದ ಒಂದು ಪಡಿಯಚ್ಚು ಮೂಡಿ, ಅದರಿಂದ ಕಾಗದದ ಮೇಲೆ ಚಿತ್ರ ತೆಗೆಯುವರು. ಸ್ಲೈಡಿನಲ್ಲಿ ಹಾಗಲ್ಲ, ಕ್ಯಾಮೆರಾದೊಳಗೆ ಬೆಳಕು ಕಂಡ ಫಿಲ್ಮೇ ತೊಳೆದ ಬಳಿಕ ಚಿತ್ರವಾಗುತ್ತದೆ. ೨೪ ಮಿಲಿಮೀಟರ್ ಎತ್ತರ, ೩೬ ಮಿಲಿಮೀಟರ್ ಅಗಲದ ಆ ತುಣುಕನ್ನು ಎರಡು ಅಂಗುಲ ಚೌಕದ ರಟ್ಟಿನ ಚೌಕಟ್ಟಿನಲ್ಲಿ ಸೇರಿಸಿ, ದೀಪದ ಯಂತ್ರದೊಳಗಿಟ್ಟು ಗೋಡೆಯ ಮೇಲೆ ಬೀಳಿಸುವುದು ಕ್ರಮ. ನಮ್ಮ ಹಿರಿಯರು ಮ್ಯಾಜಿಕ್ ಲಾಂಟರ್ನ್ ಎಂದು ಕರೆಯುತ್ತಿದ್ದ ಯಂತ್ರದ ಗಾಜಿನ ಚಿತ್ರಗಳಿಗೆ ಇದು ಮೊಮ್ಮಗ. ಕೊಡಾಕ್ರೋಮ್ ಮತ್ತು ಆಗ್ಫಾಕಲರ್ ಎಂಬ ಎರಡು ಬಗೆಯ ಬಣ್ಣದ ಫಿಲ್ಮುಗಳು ೧೯೩೬ರಲ್ಲಿ ಈ ಅಳತೆಯಲ್ಲಿ ಮಾರುಕಟ್ಟೆಗೆ ಬಂದುವು. ಸ್ಲೈಡಿನ ವಿಶೇಷವೇನೆಂದರೆ, ಅದು ಒಂದೇ ಪ್ರತಿ. ಕಾಗದದ ಚಿತ್ರ ಹರಿದರೆ ಪಡಿಯಚ್ಚಿನಿಂದ ಮತ್ತೊಂದನ್ನು ತೆಗೆಯಬಹುದು. ಸ್ಲೈಡು ಕೆಟ್ಟರೆ ಕೆಟ್ಟಿತು. ಅಂದು ಬಿಸಿಲಿನಲ್ಲಿ ಕ್ಯಾಮೆರಾದೊಳಗೆ ನಿಂತಿದ್ದ ಆ ವಸ್ತುವೇ ಇಂದು ನಮ್ಮ ಕೈಯಲ್ಲಿರುತ್ತದೆ.

ಡಬ್ಬಿಯಲ್ಲಿದ್ದ ಚಿತ್ರಗಳಲ್ಲಿ ಕೆಲವು ಪಡುವಣ ಘಟ್ಟದವು. ಚೂಪಾದ ತಿರುವನ್ನು ಸೂಚಿಸುವ ಹಲಗೆಗಳು ಅಲ್ಲಿ ಹೆಚ್ಚು. ಮೋಟಾರು ಸಂಚಾರದ ವಿಷಯವಾಗಿ ೧೯೦೯ರಲ್ಲಿ ಪ್ಯಾರಿಸ್ಸಿನಲ್ಲಿ ಹಲವು ದೇಶಗಳು ಒಪ್ಪಂದ ಮಾಡಿಕೊಂಡಾಗ ಎಲ್ಲರೂ ಸೇರಿ ಒಪ್ಪಿದ ಗುರುತುಗಳು ನಾಲ್ಕೇ ನಾಲ್ಕು: ಉಬ್ಬುತಗ್ಗು, ತಿರುವು, ಅಡ್ಡರಸ್ತೆ, ರೈಲುದಾರಿ. ಆ ನಾಲ್ಕರಲ್ಲಿ ತಿರುವಿನದೂ ಒಂದೆಂಬುದನ್ನು ಆಗುಂಬೆಯ ಹದಿನಾಲ್ಕು ಹಿಮ್ಮುರಿಗಳನ್ನು ಇಳಿದವರು ಮೆಚ್ಚಿಯಾರು. ನಮ್ಮ ದೇಶದಲ್ಲಿ ೧೯೩೯ರ ಮೋಟಾರು ವಾಹನಗಳ ಶಾಸನದೊಡನೆ ಇಂಥ ಗುರುತುಗಳ ಪಟ್ಟಿ ಕಾನೂನಿನೊಳಕ್ಕೆ ಬಂತು. ಆದರೆ ಕೈಮರವೆಂಬ ಪದ ಈ ಪಟ್ಟಿಗಳಿಗೆ ಕಾಯಲಿಲ್ಲ. ಕೂಡುದಾರಿಯಲ್ಲಿ ಕೈಚಾಚಿ ಊರನ್ನು ತೋರುವ ಕಂಬಕ್ಕೆ ನಮ್ಮ ಜನ ತಾವೇ ಕೊಟ್ಟ ಹೆಸರು ಅದು. ಚಿಕ್ಕಮಗಳೂರಿನಿಂದ ಬಾಬಾಬುಡನ್ ಗಿರಿಗೆ ಹೋಗುವ ದಾರಿಯಲ್ಲಿ ಒಂದು ಸ್ಥಳಕ್ಕೆ ಕೈಮರವೆಂದೇ ಹೆಸರುಂಟು.

ಪಡುವಣ ಘಟ್ಟದ ಚಿತ್ರಗಳನ್ನು ಇಷ್ಟಕ್ಕೇ ಬಿಡೋಣ. ನಮ್ಮ ಮನಸ್ಸನ್ನು ಹಿಡಿದದ್ದು ಮೂಡಣ ಬಾಗಿಲಿನ ಚಿತ್ರಗಳು. ಅದರಲ್ಲಿಯೂ ಒಂದು ಚೌಕಟ್ಟಿನ ಅಂಚಿನಲ್ಲಿ ಸೀಸದ ಕಡ್ಡಿಯಿಂದ "ನಂಗಲಿ" ಎಂದಷ್ಟೇ ಬರೆದಿತ್ತು.

ಮುಳಬಾಗಿಲು ಎಂಬ ಹೆಸರು ಮೂಡಲ ಬಾಗಿಲು ಎಂಬುದರಿಂದ ಬಂದದ್ದು. ಬಾಗಿಲೆಂದರೆ ಇಲ್ಲಿ ಕವಿಯ ಅಲಂಕಾರವಲ್ಲ. ಕೋಲಾರದ ಕಡೆಯಿಂದ ಬಂದ ದಾರಿ ಬಂಡೆಗಳ ಬೆಟ್ಟವನ್ನು ಬಳಸಿ ಮುಳಬಾಗಿಲನ್ನು ದಾಟಿ, ನಂಗಲಿಯ ಬಳಿ ಮೈಸೂರು ಸೀಮೆಯನ್ನು ಬಿಡುತ್ತದೆ. ಸಮುದ್ರಮಟ್ಟಕ್ಕೆ ಎಂಟುನೂರು ಮೀಟರಿಗೂ ಮಿಗಿಲಾದ ಈ ಎತ್ತರದ ನಾಡು ಪಡುವಲಲ್ಲಿ ಗೋಡೆ ಬಿದ್ದಂತೆ ಒಮ್ಮೆಗೇ ಬೀಳುತ್ತದೆ. ಮೂಡಲಲ್ಲಿ ಹಾಗಲ್ಲದೆ ಮೆಟ್ಟಲು ಮೆಟ್ಟಲಾಗಿ ಇಳಿಯುತ್ತದೆ. ನಂಗಲಿಯದು ಮೊದಲನೆಯ ಮೆಟ್ಟಲು. ಪಲಮನೇರನ್ನು ದಾಟಿದ ಮೇಲೆ ಮೊಗಿಲಿಯ ಘಟ್ಟದಲ್ಲಿ ದೊಡ್ಡ ಇಳಿತ. ಅದನ್ನಿಳಿದರೆ ಚಿತ್ತೂರಿನ ಬಯಲು, ಬೇರೆಯೇ ಬಿಸಿಲು. ಆಗುಂಬೆಯನ್ನು ಕಂಡವರು ನಂಗಲಿಯನ್ನು ಘಟ್ಟವೆಂದರೆ ನಕ್ಕಾರು. ಆದರೆ ಎಂಟು ಒಂಬತ್ತು ಶತಮಾನಗಳಿಂದ ಅದನ್ನು ಘಟ್ಟವೆಂದೇ ಕರೆದಿದ್ದಾರೆ. ಹೊಯ್ಸಳ ವಿಷ್ಣುವರ್ಧನನ ರಾಜ್ಯದ ಎಲ್ಲೆಗಳನ್ನು ಹೇಳುವ ಹನ್ನೆರಡನೆಯ ಶತಮಾನದ ಶಾಸನಗಳು ಪಡುವಲಿಗೆ ಬಾರಕನೂರ ಘಟ್ಟವನ್ನೂ ಮೂಡಲಿಗೆ ನಂಗಲಿಯ ಘಟ್ಟವನ್ನೂ ಹೆಸರಿಸುತ್ತವೆ. ಅದಕ್ಕೂ ಮೊದಲೇ ಚೋಳ ದೊರೆ ಒಂದನೆಯ ಕುಲೋತ್ತುಂಗನ ತಮಿಳು ಶಾಸನಗಳು, ಆತನು ಚಾಲುಕ್ಯ ವಿಕ್ರಮಾದಿತ್ಯನನ್ನು ನಂಗಿಲಿಯಿಂದ ತುಂಗಭದ್ರೆಯವರೆಗೆ ಅಟ್ಟಿದನೆಂದು ಹೇಳಿಕೊಳ್ಳುತ್ತವೆ. ವಿಕ್ರಮಾದಿತ್ಯನ ಕಡೆಯವರು ಆ ಕಥೆಯನ್ನು ಬೇರೆ ರೀತಿಯಲ್ಲಿ ಹೇಳುವರು, ಇರಲಿ.

ಹಾಗೆ ನೋಡಿದರೆ ದಾರಿಯ ಬದಿಯ ಬರಹವೆಂಬುದು ಇಂಗ್ಲಿಷರು ತಂದ ವಸ್ತುವಲ್ಲ. ದತ್ತಿ ಬಿಟ್ಟ ಭೂಮಿಯ ಎಲ್ಲೆಗೆ ನೆಡುತ್ತಿದ್ದ ಲಿಂಗಮುದ್ರೆಯ ಕಲ್ಲು, ವಾಮನಮುದ್ರೆಯ ಕಲ್ಲು ಕೂಡ ಸೂಚನೆಯ ಹಲಗೆಗಳೇ. ಓದುಬಾರದ ಒಕ್ಕಲಿಗನಿಗೂ ಲಿಂಗವನ್ನು ಕಂಡೊಡನೆ ಈ ಹೊಲ ಶಿವನದು, ಕೊಡೆ ಹಿಡಿದ ವಾಮನನನ್ನು ಕಂಡೊಡನೆ ಇದು ವಿಷ್ಣುವಿನದು ಎಂದು ತಿಳಿಯುತ್ತಿತ್ತು. ಪ್ಯಾರಿಸ್ಸಿನವರು ನಾಲ್ಕು ಗುರುತುಗಳಿಂದ ಮಾಡಹೊರಟದ್ದೂ ಅದನ್ನೇ ಅಲ್ಲವೆ? ಇಂಥ ಕಲ್ಲುಗಳಿಗೆ ಛಾಯಾಚಿತ್ರದ ನಂಟು ಕೂಡ ಹಳೆಯದೇ. ೧೮೬೫ರಲ್ಲಿ ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿ ಮೈಸೂರು ಸೀಮೆಯ ನೂರೈವತ್ತು ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ರೈಸ್ ಸಾಹೇಬರು ೧೮೭೯ರಲ್ಲಿ ಪ್ರಕಟಿಸಿದ ಶಾಸನಗಳ ಅನುವಾದಕ್ಕೆ ಆ ಚಿತ್ರಗಳೇ ತಳಹದಿಯಾದುವು. ಅವರ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ, ಕೋಲಾರ ಜಿಲ್ಲೆಯದು, ೧೯೦೫ರಲ್ಲಿ ಹೊರಬಂತು. ಹೀಗಿರಲು ದಾರಿಯ ಬದಿಯ ಹಲಗೆಯ ಚಿತ್ರ ತೆಗೆದವನನ್ನು ಹುಚ್ಚನೆನ್ನಲು ನಮಗೆ ಮನಸ್ಸು ಬಾರದು.

ದಂಡುಗಳಿಗೂ ಇದೇ ಬಾಗಿಲು. ೧೭೬೮ರ ಅಕ್ಟೋಬರಿನಲ್ಲಿ ಹೈದರಾಲಿಗೂ ಮದರಾಸಿನ ಇಂಗ್ಲಿಷರ ಸೇನೆಗೂ ಮುಳಬಾಗಿಲಿನ ಬಂಡೆಗಳ ನಡುವೆ ಕಾಳಗವಾಯಿತು. ೧೭೯೧ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನು ವೇಲೂರಿನಿಂದ ಆಂಬೂರಿನ ಕಡೆಗೆ ಹೊರಟಂತೆ ತೋರಿಸಿ, ಟಿಪ್ಪುವಿನ ಕಣ್ಣು ಅತ್ತ ಇರುವಾಗಲೇ ಮೊಗಿಲಿಯ ಘಟ್ಟವನ್ನು ಹತ್ತಿ, ಮುಳಬಾಗಿಲು ಕೋಲಾರಗಳ ಮೇಲೆ ಬಂದುಬಿಟ್ಟನು. ಮಾರ್ಚಿ ೨೧ರ ರಾತ್ರಿ ಬೆಂಗಳೂರಿನ ಕೋಟೆ ಅವನ ಕೈಸೇರಿತು. ಘಟ್ಟದ ದಾರಿಯಲ್ಲಿ ಸುಳ್ಳು ಹಲಗೆ ನೆಟ್ಟರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಮುಂದೆ ಈ ದಾರಿ ಮದರಾಸು ರಸ್ತೆಯಾಯಿತು. ಸ್ವಾತಂತ್ರ್ಯ ಬಂದ ಮೇಲೆ, ಮುಂಬಯಿಯ ಬಳಿಯ ಠಾಣೆಯಿಂದ ಪುಣೆ, ಬೆಳಗಾವಿ, ಬೆಂಗಳೂರುಗಳ ಮೂಲಕ ಮದರಾಸಿಗೆ ಹೋಗುವ ನಾಲ್ಕನೆಯ ರಾಷ್ಟ್ರೀಯ ಹೆದ್ದಾರಿಯ ಒಂದು ತುಂಡಾಯಿತು. ೨೦೧೦ರಲ್ಲಿ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ಬೆಂಗಳೂರಿನಿಂದ ಮುಳಬಾಗಿಲಿನವರೆಗೆ ೭೫ ಎಂದೂ, ಅಲ್ಲಿಂದ ನಂಗಲಿಯ ಮೇಲೆ ಚಿತ್ತೂರಿನ ಕಡೆಗೆ ೬೯ ಎಂದೂ ಆಯಿತು. ಒಂದೇ ದಾರಿ, ಮೂರು ನಾಲ್ಕು ಹೆಸರು. ಹೆಸರು ಬದಲಾದಾಗಲೆಲ್ಲ ಯಾರೋ ಒಬ್ಬನು ಬಣ್ಣದ ಡಬ್ಬಿಯನ್ನೂ ಕುಂಚವನ್ನೂ ಹಿಡಿದು ಹೊರಟಿರಬೇಕು. ಹಳೆಯ ಅಕ್ಷರದ ಮೇಲೆ ಹೊಸ ಅಕ್ಷರ ಬಿದ್ದ ಮೇಲೆ ಹಳೆಯದು ಇದ್ದುದಕ್ಕೆ ಸಾಕ್ಷಿಯಾಗಿ ಉಳಿಯುವುದು ಇಂಥ ಚಿತ್ರಗಳು ಮಾತ್ರ.

ಈಗ ಚಿತ್ರದಿಂದ ಕಾಲವನ್ನು ತಿಳಿಯುವ ಬಗೆ. ಕೊಡಾಕ್ ಕಂಪೆನಿಯವರು ಕೆಲವು ಕಾಲ ರಟ್ಟಿನ ಚೌಕಟ್ಟಿನ ಅಂಚಿನಲ್ಲಿ ಫಿಲ್ಮನ್ನು ತೊಳೆದ ತಿಂಗಳು ವರ್ಷಗಳನ್ನು ಒತ್ತುತ್ತಿದ್ದರು. ಅದು ಚಿತ್ರ ತೆಗೆದ ಕಾಲವಲ್ಲ ಎಂಬುದನ್ನು ಮರೆಯಬಾರದು. ಫಿಲ್ಮು ಕ್ಯಾಮೆರಾದೊಳಗೆ ಒಂದು ವರ್ಷ ಮಲಗಿದ್ದರೂ ಇರಬಹುದು. ನಮ್ಮ ಮಿತ್ರರ ತಂದೆಯವರಂತೂ ರಟ್ಟನ್ನು ಕಿತ್ತು, ಫಿಲ್ಮನ್ನು ಎರಡು ಗಾಜುಗಳ ನಡುವೆ ಸೇರಿಸಿ, ತಗಡಿನ ಅಂಚು ಕಟ್ಟಿದ್ದರು. ಅಚ್ಚುಕಟ್ಟಾದ ಕೆಲಸ, ಆದರೆ ಒತ್ತಿದ್ದ ವರ್ಷವೇನಾದರೂ ಇದ್ದಿದ್ದರೆ ಅದು ರಟ್ಟಿನೊಡನೆ ಹೋಯಿತು. ಆದುದರಿಂದ ಹಲಗೆಯನ್ನೇ ಕೇಳಬೇಕು.

ಮೊದಲನೆಯದು, ಚಿತ್ರವನ್ನು ಸರಿಯಾದ ಮಗ್ಗುಲಿನಿಂದ ನೋಡುತ್ತಿದ್ದೇವೆಯೇ ಎಂಬುದು. ಸ್ಲೈಡನ್ನು ಹಿಂದುಮುಂದಾಗಿ ಇಟ್ಟರೆ ಬೆಟ್ಟವೂ ಮರವೂ ಏನೂ ದೂರು ಹೇಳುವುದಿಲ್ಲ. ಎಡದ ಬೆಟ್ಟ ಬಲಕ್ಕೆ ಬಂದು ಹಾಯಾಗಿ ಕುಳಿತಿರುತ್ತದೆ. ಅಕ್ಷರವಿದ್ದರೆ ಮಾತ್ರ ಮೋಸ ಒಡನೆ ಹೊರಬೀಳುತ್ತದೆ.

ಎರಡನೆಯದು ಮೈಲಿಯೋ ಕಿಲೋಮೀಟರೋ ಎಂಬುದು. ದಶಮಾನದ ಅಳತೆಗಳ ಶಾಸನವಾದದ್ದು ೧೯೫೬ರಲ್ಲಿ. ೧೯೫೭ರ ಏಪ್ರಿಲಿನಲ್ಲಿ ನಯಾ ಪೈಸೆ ಬಂತು. ಅಳತೆ ತೂಕಗಳು ಅದರ ಹಿಂದೆ ಒಂದೊಂದಾಗಿ ಬಂದುವು. ಮೈಲಿಗಲ್ಲು ಕಿಲೋಮೀಟರ್ ಕಲ್ಲಾದದ್ದು ಎಲ್ಲೆಡೆಯೂ ಒಂದೇ ದಿನವಲ್ಲ. ಆದುದರಿಂದ ಕಿಲೋಮೀಟರ್ ಕಂಡರೆ ಚಿತ್ರ ೧೯೫೬ಕ್ಕೆ ಹಿಂದಿನದಲ್ಲ ಎಂದು ಧೈರ್ಯವಾಗಿ ಹೇಳಬಹುದು. ಮೈಲಿ ಕಂಡಿತೆಂದು ಚಿತ್ರ ೧೯೫೬ಕ್ಕೆ ಹಿಂದಿನದೆಂದು ಹೇಳಬಾರದು. ಇಡೀ ವಿಷಯದ ಕೀಲು ಇದೇ. ಹಲಗೆಯ ಮೇಲೆ ಹೊಸ ಮಾತು ಇದ್ದರೆ ಅದು ಗಟ್ಟಿ ಸಾಕ್ಷಿ, ಏಕೆಂದರೆ ಹುಟ್ಟದ ಹೆಸರನ್ನು ಯಾರೂ ಬರೆಯಲಾರರು. ಹಳೆಯ ಮಾತು ಇದ್ದರೆ ಅದು ದುರ್ಬಲ ಸಾಕ್ಷಿ, ಏಕೆಂದರೆ ಸತ್ತ ಹೆಸರನ್ನು ಅಳಿಸಲು ಯಾರಿಗೂ ಅವಸರವಿರುವುದಿಲ್ಲ. ಕಾನೂನು ಓಡಿದಷ್ಟು ಬೇಗ ಬಣ್ಣದ ಡಬ್ಬಿ ಓಡುವುದಿಲ್ಲ.

ಮೂರನೆಯದು ಗಡಿಯ ಹೆಸರು. ಈ ವಿಷಯದಲ್ಲಿ ನಂಗಲಿಯಷ್ಟು ಒಳ್ಳೆಯ ಪಾಠಶಾಲೆ ನಮ್ಮ ನಾಡಿನಲ್ಲಿ ಅಪರೂಪ. ಗಡಿ ಅಲ್ಲಿಯೇ ನಿಂತಿತ್ತು. ಅದರ ಎರಡು ಮಗ್ಗುಲಿನ ಹೆಸರುಗಳು ಬದಲಾಗುತ್ತ ಹೋದುವು. ಚಿತ್ತೂರು ಜಿಲ್ಲೆ ೧೯೫೩ರ ಸೆಪ್ಟೆಂಬರ್ ಕೊನೆಯವರೆಗೆ ಮದರಾಸಿಗೆ ಸೇರಿತ್ತು. ಅಕ್ಟೋಬರ್ ಒಂದರಂದು ಆಂಧ್ರ ರಾಜ್ಯ ಹುಟ್ಟಿತು. ೧೯೫೬ರ ನವೆಂಬರ್ ಒಂದರಂದು ತೆಲಂಗಾಣವೂ ಕೂಡಿ ಆಂಧ್ರ ಪ್ರದೇಶವಾಯಿತು. ಇತ್ತಣ ಮಗ್ಗುಲು ಅದೇ ದಿನ ದೊಡ್ಡದಾದರೂ ಹೆಸರು ಮೈಸೂರೆಂದೇ ಉಳಿದು, ೧೯೭೩ರ ನವೆಂಬರ್ ಒಂದರಂದು ಕರ್ನಾಟಕವಾಯಿತು. ಹೀಗೆ ಸುಮಾರು ಇಪ್ಪತ್ತು ವರ್ಷಗಳಲ್ಲಿ ಒಂದೇ ಹಲಗೆಯ ಎರಡು ಮುಖಗಳು ನಾಲ್ಕು ಜೋಡಿ ಹೆಸರುಗಳನ್ನು ಕಂಡುವು: ಮೈಸೂರು ಮದರಾಸು, ಮೈಸೂರು ಆಂಧ್ರ, ಮೈಸೂರು ಆಂಧ್ರ ಪ್ರದೇಶ, ಕರ್ನಾಟಕ ಆಂಧ್ರ ಪ್ರದೇಶ.

ನಮ್ಮ ಮಿತ್ರರ ಕಥೆ ಇಲ್ಲಿ ಬರುತ್ತದೆ. ಅವರ ಅನುಮತಿಯಿಂದಲೇ ಹೇಳುತ್ತಿದ್ದೇವೆ. ಅವರ ತಾಯಿಯವರು ೧೯೫೨ರಲ್ಲಿ ಕಾಯಿಲೆ ಬಿದ್ದಾಗ ತಂದೆಯವರು ಕಾರಿನಲ್ಲಿ ಈ ದಾರಿಯಾಗಿ ಘಟ್ಟದ ಕೆಳಗಿನ ಊರೊಂದರ ಆಸ್ಪತ್ರೆಗೆ ಕರೆದೊಯ್ದರು. ಮಿತ್ರರಿಗೆ ಆಗ ಏಳು ವರ್ಷ. ಹಿಂದಿನ ಪೀಠದಲ್ಲಿ ತಾಯಿಯ ಕಾಲ ಬಳಿ ಕುಳಿತಿದ್ದರು. ನಂಗಲಿಯ ಹತ್ತಿರ ಕಾರು ನಿಂತದ್ದೂ, ತಂದೆ ಇಳಿದು ಹೋದದ್ದೂ, ಬಹಳ ಹೊತ್ತು ಬಾರದೆ ಇದ್ದುದೂ ಅವರ ನೆನಪಿನಲ್ಲಿದೆ. ತಾಯಿ ಆ ಊರಿನಿಂದ ಮರಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ಒಂದು ರಾತ್ರಿ ಮನೆಯ ಗೋಡೆಯ ಮೇಲೆ ತಂದೆಯವರು ಸ್ಲೈಡುಗಳನ್ನು ತೋರಿಸುತ್ತಿರುವಾಗ ನಂಗಲಿಯ ಹಲಗೆ ಬಂತು. ಹುಡುಗನು ಎರಡನ್ನೂ ಕೂಡಿಸಿಕೊಂಡನು: ತಾಯಿ ಒಳಗೆ ನರಳುತ್ತಿರುವಾಗ ಈ ಮನುಷ್ಯ ಹಲಗೆಯ ಚಿತ್ರ ತೆಗೆಯಲು ಇಳಿದಿದ್ದನು! ತಂದೆಯನ್ನು ಅವರು ಒಮ್ಮೆಯೂ ಕೇಳಲಿಲ್ಲ. ತಂದೆಯೂ ಹೇಳಲಿಲ್ಲ. ತಂದೆ ತೀರಿಕೊಂಡ ಮೇಲೂ ಆ ಮಾತು ಗಂಟಲಲ್ಲಿಯೇ ಉಳಿದಿತ್ತು. ಡಬ್ಬಿಯನ್ನು ಎಸೆಯಬೇಕೆಂದಾಗ ಅವರ ದನಿಯಲ್ಲಿದ್ದ ಕಹಿ ಇದೇ.

ನಾವು ಸ್ಲೈಡನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಭೂತಗನ್ನಡಿಯಿಂದ ನೋಡಿದೆವು. ಎರಡು ಕಂಬಗಳ ಮೇಲೆ ಒಂದು ಬಿಳಿಯ ಹಲಗೆ, ಪಕ್ಕದಲ್ಲಿ ಒಂದು ಮೈಲಿಗಲ್ಲು, ಹಿಂದೆ ಬಿಸಿಲಿನಲ್ಲಿ ಬೆಳ್ಳಗಾದ ರಸ್ತೆ. ಹುಣಿಸೆಯ ಕೊಂಬೆಯೊಂದು ಹಲಗೆಯ ಬಲ ಅರ್ಧವನ್ನು ಮರೆಮಾಡಿದೆ. ಇಂಗ್ಲಿಷಿನ ಸಾಲಿನಲ್ಲಿ ಆಂಧ್ರ ಎಂಬಷ್ಟು ಮಾತ್ರ ಕಾಣುತ್ತದೆ. ಇದರಿಂದಲೇ ೧೯೫೨ ಬಿದ್ದುಹೋಯಿತು ಎಂದು ನಾವು ಒಳಗೊಳಗೇ ಅಂದುಕೊಂಡೆವು. ಆ ವರ್ಷ ಅಲ್ಲಿ ಮದರಾಸು ಎಂದಿರಬೇಕಾಗಿತ್ತು. ಆದರೆ ಮಿತ್ರರು ಸುಲಭವಾಗಿ ಒಪ್ಪುವವರಲ್ಲ. ತಾಯಿ ಹೋದದ್ದು ೧೯೫೨ ಎಂದು ಮನೆಯಲ್ಲಿ ಹೇಳುತ್ತಿದ್ದರು, ಒಂದು ವರ್ಷ ಆಚೀಚೆ ಇದ್ದರೂ ಇರಬಹುದು, ೧೯೫೩ರ ಕೊನೆಯೇಕಾಗಿರಬಾರದು ಎಂದರು. ಎಪ್ಪತ್ತು ವರ್ಷ ಹೊತ್ತ ಭಾರವನ್ನು ಇಳಿಸುವುದಕ್ಕೂ ಮನುಷ್ಯನು ಹಿಂಜರಿಯುತ್ತಾನೆ.

ಆಗ ಕೆಳಗಿನ ತೆಲುಗಿನ ಸಾಲನ್ನು ನೋಡಿದೆವು. ತೆಲುಗಿನ ಅಕ್ಷರಗಳು ಒತ್ತೊತ್ತಾಗಿದ್ದುದರಿಂದ ಆಂಧ್ರ ಎಂಬುದು ಮುಗಿದು, ಎಲೆಗಳ ಅಂಚಿನಲ್ಲಿ ಇನ್ನೊಂದು ಅಕ್ಷರ ಉಳಿದಿತ್ತು. ಕನ್ನಡ ಬಲ್ಲವರಿಗೆ ಆ ಪಕಾರ ಪರಿಚಿತವೇ. ಅದರ ಎಡಗಡೆಯಿಂದ ಒಂದು ಗೆರೆ ಬಳಸಿ ಬಂದಿತ್ತು. ಕನ್ನಡದಲ್ಲಿ ರಕಾರದ ಒತ್ತು ಅಕ್ಷರದ ಬಲಕ್ಕೆ ಕೆಳಗೆ ನಿಲ್ಲುತ್ತದೆ. ತೆಲುಗಿನಲ್ಲಿ ಎಡದಿಂದ ಸುತ್ತಿಕೊಂಡು ಬರುತ್ತದೆ. ಅದು "ಪ್ರ". ಪ್ರದೇಶದ ಪ್ರ. ೧೯೫೩ರಲ್ಲಿ ಹುಟ್ಟಿದ ರಾಜ್ಯಕ್ಕೆ ಆಂಧ್ರ ಎಂದಷ್ಟೇ ಹೆಸರು. ಪ್ರದೇಶವೆಂಬುದು ಕೂಡಿದ್ದು ೧೯೫೬ರ ನವೆಂಬರಿನಲ್ಲಿ. ತಾಯಿ ತೀರಿಕೊಂಡಾಗ ತಾವು ಎರಡನೆಯ ತರಗತಿಯಲ್ಲಿದ್ದುದಂತೂ ಮಿತ್ರರಿಗೆ ನಿಶ್ಚಯವಾಗಿತ್ತು. ೧೯೫೬ರಲ್ಲಿ ಅವರಿಗೆ ಹನ್ನೊಂದು ವರ್ಷ.

ಅಂದಮೇಲೆ ತಂದೆ ಆ ಚಿತ್ರವನ್ನು ತೆಗೆದದ್ದು ಆ ಪ್ರಯಾಣದಲ್ಲಿ ಅಲ್ಲ. ನಾಲ್ಕು ವರ್ಷ ಅಥವಾ ಇನ್ನೂ ಹೆಚ್ಚು ಕಾಲವಾದ ಮೇಲೆ ಅದೇ ದಾರಿಯಲ್ಲಿ ಹೋದಾಗ. ೧೯೫೨ರಲ್ಲಿ ಕಾರು ನಿಂತದ್ದು ಎಂಜಿನ್ನಿಗೆ ನೀರು ತರುವುದಕ್ಕಾಗಿರಬಹುದು. ಆ ಕಾಲದ ಕಾರುಗಳಿಗೆ ಅದು ಸಾಮಾನ್ಯ. ಆಮೇಲೆ ಅದೇ ಸ್ಥಳದಲ್ಲಿ ಏಕೆ ಇಳಿದರು, ಯಾರೂ ಇಲ್ಲದ ಆ ಹಲಗೆಯ ಚಿತ್ರವನ್ನು ಏಕೆ ತೆಗೆದರು, ಉಳಿದ ಸ್ಲೈಡುಗಳನ್ನೆಲ್ಲ ರಟ್ಟಿನಲ್ಲಿಯೇ ಬಿಟ್ಟು ಇದೊಂದು ಕಟ್ಟಿಗೆ ಮಾತ್ರ ಗಾಜು ಹಾಕಿಸಿದ್ದು ಏಕೆ ಎಂಬುದನ್ನು ಹಲಗೆ ಹೇಳುವುದಿಲ್ಲ. ಮಿತ್ರರು ಭೂತಗನ್ನಡಿಯನ್ನು ನಮ್ಮ ಕೈಯಿಂದ ತೆಗೆದುಕೊಂಡು ತಾವೇ ಬಹಳ ಹೊತ್ತು ನೋಡಿದರು. ಡಬ್ಬಿಯನ್ನು ಎಸೆಯುವ ಮಾತು ಮತ್ತೆ ಬರಲಿಲ್ಲ.

ಇಂಥ ಡಬ್ಬಿಗಳು ನಮ್ಮ ಪಟ್ಟಣಗಳ ಅಟ್ಟಗಳಲ್ಲಿ ಇನ್ನೂ ಎಷ್ಟಿವೆಯೋ. ಶ್ರೋತೃಗಳಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ಒಂದೆರಡು ಮಾತುಗಳನ್ನು ಗಮನಿಸಬೇಕೆಂದು ಕೋರುತ್ತೇವೆ. ಬಣ್ಣದ ಫಿಲ್ಮುಗಳೆಲ್ಲ ಒಂದೇ ಬಗೆಯಾಗಿ ಕೆಡುವುದಿಲ್ಲ. ಕೊಡಾಕ್ರೋಮಿನ ಬಣ್ಣಗಳು ಕತ್ತಲಲ್ಲಿ ಬಹುಕಾಲ ಬಾಳುತ್ತವೆ. ಆದರೆ ದೀಪದ ಯಂತ್ರದ ಬೆಳಕಿಗೆ ಬೇಗ ಸೋಲುತ್ತವೆ. ಎಕ್ಟಾಕ್ರೋಮ್ ಮೊದಲಾದ ಬೇರೆ ಹಳೆಯ ಫಿಲ್ಮುಗಳು ಕತ್ತಲಲ್ಲಿದ್ದರೂ ನೀಲಿ ಹಸಿರುಗಳನ್ನು ಕಳೆದುಕೊಂಡು, ಕುಂಕುಮ ಕದಡಿದ ನೀರಿನಂತೆ ಕೆಂಪಾಗುತ್ತವೆ. ಫಿಲ್ಮಿನ ಮೇಲಿನ ಜೆಲಟಿನ್ ಬೂಷ್ಟಿಗೆ ಹಬ್ಬದೂಟ. ಗಾಜಿನ ನಡುವೆ ಸೇರಿಸಿದವುಗಳಲ್ಲಿ ತೇವ ಸಿಕ್ಕಿಕೊಂಡು ಬೂಷ್ಟು ಬಲೆಯಂತೆ ಹರಡುವುದುಂಟು. ನಂಗಲಿಯ ಚಿತ್ರದ ಒಂದು ಮೂಲೆಗೆ ಅದು ಆಗಲೇ ಬಂದಿತ್ತು, ಇನ್ನು ಎರಡು ಮಳೆಗಾಲ ಕಳೆದಿದ್ದರೆ "ಪ್ರ" ಉಳಿಯುತ್ತಿತ್ತೋ ಇಲ್ಲವೋ. ಆದುದರಿಂದ ಮತ್ತೆ ಮತ್ತೆ ದೀಪಕ್ಕೊಡ್ಡದೆ ಒಂದು ಸಲ ಚೆನ್ನಾಗಿ ಡಿಜಿಟಲ್ ಪ್ರತಿ ತೆಗೆಸಿ, ಮೂಲವನ್ನು ಒಣಗಿದ ತಂಪಾದ ಕಡೆ ಇಡುವುದು ಲೇಸು. ಅಟ್ಟ ಇಡತಕ್ಕ ಸ್ಥಳವಲ್ಲ. ಚೌಕಟ್ಟಿನ ಬರಹವನ್ನೂ ಪ್ರತಿ ಮಾಡಿಕೊಳ್ಳಬೇಕು. ರಟ್ಟನ್ನು ಬದಲಿಸುವುದಾದರೆ ಹಳೆಯದನ್ನು ಎಸೆಯಬಾರದು. ಕೊಡಾಕ್ರೋಮಿನ ತಯಾರಿಕೆ ೨೦೦೯ರಲ್ಲಿ ನಿಂತಿತು. ಅದನ್ನು ತೊಳೆಯುತ್ತಿದ್ದ ಜಗತ್ತಿನ ಕೊನೆಯ ಅಂಗಡಿ, ಅಮೆರಿಕದ ಕ್ಯಾನ್ಸಾಸ್ ಸೀಮೆಯ ಪಾರ್ಸನ್ಸ್ ಎಂಬ ಸಣ್ಣ ಊರಿನದು, ೨೦೧೦ರ ಡಿಸೆಂಬರ್ ಕೊನೆಗೆ ಸುರುಳಿಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು.

ಒಂದು ಭಾನುವಾರ ನಾವೂ ಮಿತ್ರರೂ ಮುಳಬಾಗಿಲಿನ ಮೇಲೆ ನಂಗಲಿಗೆ ಹೋಗಿಬಂದೆವು. ರಸ್ತೆ ಅಗಲವಾಗಿದೆ. ಚಿತ್ರದ ಹುಣಿಸೆಯ ಮರವನ್ನು ಕಾಣಲಿಲ್ಲ, ಮೈಲಿಗಲ್ಲೂ ಇಲ್ಲ. ಹಿಂದಿನ ಬೆಟ್ಟದ ಸಾಲನ್ನು ಚಿತ್ರದೊಡನೆ ಹೋಲಿಸಿ ನೋಡುತ್ತ, ರಸ್ತೆಯ ಅಂಚಿನಲ್ಲಿ ಹಿಂದೆ ಮುಂದೆ ನಡೆದು, ಸುಮಾರಾಗಿ ಇಲ್ಲಿಯೇ ಇರಬೇಕೆಂಬ ಒಂದು ಜಾಗವನ್ನು ಗೊತ್ತುಮಾಡಿದೆವು. ಲಾರಿಗಳ ಸದ್ದಿನಲ್ಲಿ ಮಾತನಾಡುವಂತಿರಲಿಲ್ಲ. ಮಿತ್ರರು ಅಲ್ಲಿ ನಿಂತು ತಮ್ಮ ಮೊಬೈಲಿನಲ್ಲಿ ಈಗಿನ ಹಸಿರು ಹಲಗೆಯ ಚಿತ್ರವೊಂದನ್ನು ತೆಗೆದುಕೊಂಡರು. ನಾವು ಪಕ್ಕದಲ್ಲಿ ನಿಲ್ಲಲು ಹೋದಾಗ, ಬೇಡ, ಹಲಗೆ ಒಂದೇ ಇರಲಿ ಎಂದರು.